ನಾಲ್ಕು ತೊಲೆಗಳ ಕಂಬ

ಟಕ್ ಎಂದಿತು. ಒಣಗಿದ ಕಡ್ಡಿಯನ್ನು ಯಾರೋ ಎರಡು ಬೆರಳಲ್ಲಿ ಮುರಿದಂತೆ, ಅಷ್ಟೇ. ಸೋನಾಬಾಯಿ ಕಣ್ಣು ಬಿಟ್ಟಳು. ಸದ್ದು ಬಂದದ್ದು ಪಡಸಾಲೆಯ ಕೆಳಗಿನಿಂದ, ದನ ಕಟ್ಟುವ ಕಡೆಯಿಂದ. ಉಸಿರು ಹಿಡಿದು ಕಾದಳು. ಎತ್ತು ಮೆಲುಕು ಹಾಕುವುದು ಕೇಳಿಸಿತು. ಆಚೆ ಅತ್ತೆ ಅಕ್ಕನಾಗಮ್ಮ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ್ದು ಕೇಳಿಸಿತು. ಮತ್ತೆ ಟಕ್. ಅದರ ಹಿಂದೆಯೇ ಮಾಳಿಗೆಯಿಂದ ಒಂದಿಷ್ಟು ಮಣ್ಣು ಉದುರಿತು, ಹಿಟ್ಟು ಜರಡಿ ಹಿಡಿದಂಥ ಸಪ್ಪಳದಲ್ಲಿ.

ಅವಳು ಗಂಡನ ಭುಜ ಅಲುಗಿಸಿದಳು. "ಏಳ್ರಿ. ಕಂಬ ಸಪ್ಪಳ ಮಾಡಾಕತ್ತದ."

"ಇಲಿ ಇರಬೇಕು," ಎಂದ ಶಾಂತಲಿಂಗಪ್ಪ ಕಣ್ಣು ತೆರೆಯದೆ. "ಮಲ್ಕೋ. ನೀ ಇರೂತನಾ ಈ ಮನಿಗಿ ಗಸ್ತಿ ಪೊಲೀಸ್ರು ಬ್ಯಾಡ."

ಅವಳು ಮಲಗಲಿಲ್ಲ. ಬೆಳಕು ಹರಿದಾಗ ಮೆಟ್ಟಿಲಿಳಿದು ನೋಡಿದರೆ ಬಿಳಿ ಎತ್ತಿನ ಬೆನ್ನ ಮೇಲೆ ಬೂದು ಮಣ್ಣು ಹರಡಿತ್ತು. ಎತ್ತು ನಡುಗಂಬದಿಂದ ಎಷ್ಟು ಸಾಧ್ಯವೋ ಅಷ್ಟು ದೂರ, ಹಗ್ಗ ಜಗ್ಗಿಕೊಂಡು ನಿಂತಿತ್ತು.

ಚಪಳಗಾಂವದಲ್ಲಿ ಆ ಮನೆಯನ್ನು ಹೊರಗಿನಿಂದ ನೋಡಿದವರು ಕಲ್ಲು ಮಣ್ಣಿನ ಮನೆ ಅಂದುಕೊಳ್ಳುತ್ತಿದ್ದರು. ಗೋಡೆ ಇದ್ದದ್ದು ಗಾಳಿಗೆ, ಕಳ್ಳರಿಗೆ. ಭಾರ ಹೊತ್ತದ್ದು ಮರ. ಕಂಬ, ಕಂಬದ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಸಾಲು ಜಂತಿ, ಜಂತಿಯ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಮೊಣಕಾಲುದ್ದ ಬಿಳಿ ಮಣ್ಣಿನ ಮಾಳಿಗೆ. ಎತ್ತರದ ಪಡಸಾಲೆಯಲ್ಲಿ ಮನುಷ್ಯರು, ಎದೆಮಟ್ಟ ಕೆಳಗೆ ದನಕರು, ಮೇವು, ನೇಗಿಲು. ಎಲ್ಲವೂ ಒಂದೇ ಮಾಳಿಗೆಯ ಅಡಿಯಲ್ಲಿ, ನಡುವೆ ತಡೆಯಿಲ್ಲ. ಹಿಂದೊಮ್ಮೆ ಜಡಿಮಳೆಗೆ ಹಿತ್ತಲ ಕಡೆಯ ಗೋಡೆ ಪೂರಾ ಕುಸಿದಾಗ ಮಾಳಿಗೆ ಒಂದು ಕೂದಲಷ್ಟೂ ಬಾಗಿರಲಿಲ್ಲ. ದನಗಳು ಅದರ ಕೆಳಗೇ ನಿಂತು, ಹೊಸದಾಗಿ ತೆರೆದ ಹೊಲ ನೋಡುತ್ತ ಮೇವು ತಿಂದಿದ್ದವು. ಸೋನಾಬಾಯಿ ಅದನ್ನು ಕಣ್ಣಾರೆ ಕಂಡಿದ್ದಳು.

ಉಳಿದ ಕಂಬಗಳಿಗೆಲ್ಲ ಒಂದು ತೊಲೆಯ ಭಾರವಾದರೆ ದನದ ಕಡೆ ನಿಂತ ನಡುಗಂಬಕ್ಕೆ ನಾಲ್ಕರ ಭಾರ. ನಾಲ್ಕು ದಿಕ್ಕಿನಿಂದ ಬಂದ ನಾಲ್ಕು ತೊಲೆಗಳು ಅದರ ತಲೆಯ ಮೇಲೆ ಸೇರುತ್ತಿದ್ದವು. ಆ ತಲೆ ಮೈಗಿಂತ ದಪ್ಪ, ಪೇಟ ಸುತ್ತಿದಂತೆ. ಕೆಮ್ಮಣ್ಣು, ಎಣ್ಣೆ, ಹೊಗೆ ಪದರು ಪದರಾಗಿ ಕೂತು ಕಂಬ ಕಲ್ಲಿನ ಬಣ್ಣಕ್ಕೆ ತಿರುಗಿತ್ತು. ಪ್ರತಿ ಸೋಮವಾರ ಅಕ್ಕನಾಗಮ್ಮ ಅದಕ್ಕೆ ಅರಿಶಿಣ ಹಚ್ಚುತ್ತಿದ್ದಳು. ಮನೆ ತುಂಬಿದ ಸೊಸೆಯಂದಿರು ದೇವರಿಗಿಂತ ಮೊದಲು ಅದನ್ನು ತಬ್ಬಿ ನಿಲ್ಲಬೇಕಿತ್ತು.

ಸೋನಾಬಾಯಿಯೂ ತಬ್ಬಿದ್ದಳು. ತಬ್ಬಿದ ವಾರದಲ್ಲೇ ಬಲಗಡೆಯ ಎತ್ತಿಗೆ ಹಾವು ಕಚ್ಚಿತು. ಮುಂದಿನ ಶ್ರಾವಣದಲ್ಲಿ ಮಾವ ಬಾವಿಯ ಮೆಟ್ಟಿಲ ಮೇಲೆ ಕೂತವನು ಕೂತಲ್ಲೇ ಹೋದ. ಅಂದಿನಿಂದ ಆ ಮನೆಯಲ್ಲಿ ಹಾಲು ಒಡೆದರೂ ಅವಳ ಕಾಲ್ಗುಣದ ಮಾತು ಬರುತ್ತಿತ್ತು. ಅತ್ತೆ ಕೆಟ್ಟವಳಲ್ಲ. ಬಂದವರ ಮುಂದೆ ಸೊಸೆಯನ್ನು ಹೊಗಳಿಯೇ ಹೊಗಳುವಳು. "ಕೆಲಸದಾಗ ಇಕಿ ಕೈ ಹಿಡಿಯೂರ ಇಲ್ಲ. ಪಾಯಗುಣ ಅಷ್ಟ ಜರಾ..." ಎಂದು ಮಾತನ್ನು ಅರ್ಧಕ್ಕೆ ಬಿಟ್ಟು ಅಡಿಕೆ ಬಾಯಿಗೆ ಹಾಕಿಕೊಳ್ಳುವಳು. ಉಳಿದರ್ಧವನ್ನು ಬಂದವರು ತಾವೇ ತುಂಬಿಕೊಂಡು ಸೋನಾಬಾಯಿಯ ಪಾದ ನೋಡುವರು.

ಬಡಗಿ ಬಂಡೆಪ್ಪನನ್ನು ಕರೆಸಿದರು. ಅವನು ಎಲ್ಲಿ ಹೋದರೂ ಬಾಯಿ ಮುಂದೆ, ಬಾಚಿ ಹಿಂದೆ.

"ನಮ್ಮ ಮುತ್ಯಾ ನಿಲ್ಸಿದ ಕಂಬ ಇದು," ಎಂದ ಒಳಗೆ ಕಾಲಿಡುತ್ತಲೇ. "ಬಸಣ್ಣ ಬಡಗಿ ಅಂದ್ರ ದುಧನಿಯಿಂದ ಅಕ್ಕಲಕೋಟಿ ತನಾ ಮಂದಿ ಕೈ ಮುಗೀತಿದ್ರು. ಇಡೀ ಮನಿಗಿ ಒಂದ ಮೊಳಿ ಹೊಡದಿಲ್ಲ ನೋಡ್ರಿ. ಲೋಖಂಡ ಅಂಬೂದು ಬಾಗಲದ ಚಿಲಕಕ್ಕಷ್ಟ."

ಬಾಚಿಯ ಹಿಂಬದಿಯಿಂದ ಕಂಬ ಬಡಿದ. ತಲೆಯ ಹತ್ತಿರ ಟಣ್ ಎಂದದ್ದು ಸೊಂಟದ ಹತ್ತಿರ ಡಬ್ ಎಂದಿತು. ಬುಡದಲ್ಲಿ ಸಲಾಕೆ ಚುಚ್ಚಿದರೆ ಹಸಿ ಬೆಲ್ಲಕ್ಕೆ ಚುಚ್ಚಿದಂತೆ ಒಳಗೆ ಇಳಿಯಿತು.

"ದನದ ಗಂಜಳ ಕುಡದು ಕುಡದು ಪೊಳ್ಳ ಆಗ್ಯದ. ಅಕ್ಕಾರು ಕೇಳ್ಯಾರಲ್ಲ, ಅದು ಇಲಿ ಅಲ್ಲ. ಕಂಬ ಹಲ್ಲು ಕಡಿಯೂ ಸಪ್ಪಳ ಅದು. ಮಳಿ ಬೀಳೂದ್ರೊಳಗ ಬದಲಿ ಮಾಡಬೇಕು. ಮಾಳಿಗಿ ಹಸಿ ಆತಂದ್ರ ಇದು ತಡಿಯೂದಿಲ್ಲ."

ಮೈದುನ ಭೀಮಶಾ ಸೋಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದು, ರಜೆಗೆ ಬಂದಿದ್ದ. "ನಾ ಎಷ್ಟ ಸಲ ಹೇಳೀನಿ, ಎಲ್ಲಾ ಕೆಡವಿ ಗರ್ಡರ್ ಹಾಕಸೂನು ಅಂತ," ಎಂದ. "ಸೋಲಾಪುರದಾಗ ಈಗ ಮಣ್ಣಿನ ಮಾಳಿಗಿ ಯಾರ್ ಹಾಕ್ತಾರ? ಈ ಸಾಗವಾನಿ ತೊಲಿಗೋಳು ಮಾರಿದ್ರ ಅರ್ಧಾ ಮನಿ ಅದರಾಗೇ ಏಳ್ತದ."

"ಹೊಂಟ್ಯಾನ ಗರ್ಡರ್ ಹಾಕಸಾಕ," ಎಂದಳು ಅಕ್ಕನಾಗಮ್ಮ. "ಸೋಮಾರ ಆ ಗರ್ಡರಿಗಿ ಅರಿಶಿಣ ಹಚ್ಚಲೇನ? ಕಂಬ ಬದಲಿ ಮಾಡೂದು ಬ್ಯಾರೆ, ಮನಿ ಕೆಡವೂದು ಬ್ಯಾರೆ. ಬುಡ ಕೆಳಗ, ತುದಿ ಮ್ಯಾಲ, ಗಿಡ ಹೆಂಗ ನಿಂತಿತ್ತೋ ಹಂಗ ನಿಲ್ಸ್ಯಾನ ಬಸಣ್ಣ. ಅದಕ್ಕ ಈ ಮನಿ ನಿಂತದ. ಬುಡ ಮ್ಯಾಲಾದ ಕಂಬ ಮನಿಗಿ ಕೇಡು. ಕೆಳಗಿನ ಓಣ್ಯಾಗ ಸಾತಲಿಂಗಪ್ಪನ ಮನಿ ಏನಾತು? ಒಂದ ಕಂಬ ಬುಡ ಮ್ಯಾಲಾಗಿ ನಿಂತದ ಅಂತ ಗೊತ್ತಾದ ದಿನಾ ತಾವೇ ಕೈಯಾರ ಕೆಡವಿ ಹಾಕಿದ್ರು. ಹಂಗಿದ್ರ ನಾನೂ ಕೆಡವತಿದ್ದೆ. ನಮ್ದು ಹಂಗಿಲ್ಲ."

ಆ ಮಾತಿನ ಮುಂದೆ ಭೀಮಶಾನ ಗರ್ಡರುಗಳು ಯಾವತ್ತೂ ನಿಂತಿರಲಿಲ್ಲ. ರಜೆ ಮುಗಿದು ಅವನು ಸೋಲಾಪುರಕ್ಕೆ ಹೊರಟುಹೋದ.

ಬಂಡೆಪ್ಪ ಹಿತ್ತಲಲ್ಲಿ ಕೆಲಸ ಹಿಡಿದ. ಶಾಂತಲಿಂಗಪ್ಪ ಹೋದ ವರ್ಷ ಹೊಲದ ಬದುವಿನಲ್ಲಿ ಕಡಿಸಿ ಒಣಗಿಸಿಟ್ಟಿದ್ದ ಬೇವಿನ ದಿಮ್ಮಿಯ ತೊಗಟೆ ತೆಗೆದು, ಮೈಯನ್ನು ಚೌಕಾಗಿ ಕೆತ್ತಿದ. ಬುಡದ ಕಡೆ ಮಾತ್ರ ದಪ್ಪವಾಗಿಯೇ ಬಿಟ್ಟ. ಅದು ಕೆಳಗೆ ಬರುತ್ತದೆ, ಅಲ್ಲಿ ಕಮಲದ ದಳ ಕೆತ್ತುತ್ತೇನೆ ಎಂದ.

ಆ ಮನೆಗೆ ಒಂದು ರಿವಾಜು ಇತ್ತು. ಮನೆಯ ಕಂಬ ಮಲಗಿದ್ದನ್ನು ಮನೆಯ ಹಿರಿಯಳು ನೋಡಬಾರದು, ಮಗನೂ ನೋಡಬಾರದು. ಕಂಬ ಇಲ್ಲದ ಹೊತ್ತಿನಲ್ಲಿ ಮುತ್ತೈದೆ ಸೊಸೆಯೊಬ್ಬಳು ಆ ಜಾಗದಲ್ಲಿ ದೀಪ ಹಚ್ಚಿಟ್ಟು, ಅದು ಆರದಂತೆ ಕೂತಿರಬೇಕು. ದೀಪವೇ ಅಷ್ಟು ಹೊತ್ತು ಕಂಬ. ಅಕ್ಕನಾಗಮ್ಮ ಮಗನೊಡನೆ ದುಧನಿಯ ತಮ್ಮನ ಮನೆಗೆ ಗಾಡಿ ಹೂಡಿಸಿದಳು.

"ದೀಪ ಆರಬಾರದು," ಎಂದಳು ಗಾಡಿ ಹತ್ತಿ ಕೂತು. "ನೀ ಹೆಂಗೂ ನಿದ್ದಿ ಮಾಡೂಕಿ ಅಲ್ಲ. ಒಂದ ಸಲಾರೆ ಉಪಯೋಗಕ್ಕ ಬರ್ಲಿ."

ಮರುದಿನ ಬೆಳಿಗ್ಗೆ ಕುರಿಗಾರ ಅಮೋಗಸಿದ್ಧ ತನ್ನ ಮಂದಿ ಕರೆದುಕೊಂಡು ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಸುತ್ತಿದ ಹಗ್ಗ. ದನಗಳನ್ನು ಹೊಲದ ಕೊಟ್ಟಿಗೆಗೆ ಮುಂಚೆಯೇ ಹೊಡೆಸಿಯಾಗಿತ್ತು. ಬಂಡೆಪ್ಪ ನಾಲ್ಕೂ ತೊಲೆಗಳ ಕೆಳಗೆ ಆಸರೆಗಂಬ ನಿಲ್ಲಿಸಿ, ಒಂದೊಂದರ ಅಡಿಗೂ ಜೋಡಿ ಬೆಣೆ ಇಟ್ಟ. ಎರಡು ಬೆಣೆ ಎದುರುಬದುರು, ಅಂಗೈಗೆ ಅಂಗೈ ಕೊಟ್ಟಂತೆ. ಇಟ್ಟಷ್ಟೂ ಹೊತ್ತು ಬಾಯಿ ನಿಲ್ಲಲಿಲ್ಲ. ಅವನ ಅಜ್ಜ ಹಗ್ಗವಿಲ್ಲದೆ ತೊಲೆ ಏರಿಸಿದ್ದು, ಅಕ್ಕಲಕೋಟೆಯ ರಾಜರ ಕಡೆಯವರು ಪೇಟ ಕಟ್ಟಿದ್ದು, ಬುಡ ತುದಿ ತಿಳಿಯದ ಶಿಷ್ಯರಿಗೆ ಮರದ ಕೊಡತಿಯಿಂದ ಬಡಿದದ್ದು.

"ಮೊದಲ ನಿನ್ನ ಬಾಯಾಗ ಒಂದ ಬೆಣಿ ಬಡಿ ಮಾರಾಯಾ," ಎಂದ ಅಮೋಗಸಿದ್ಧ. "ಬೀರೋಬಾ ದೇವ್ರು ನಮ್ಮ ಕುರಿಗೋಳಿಗೂ ಇಷ್ಟ ದನಿ ಕೊಟ್ಟಿಲ್ಲ."

ಸೋನಾಬಾಯಿ ಕಂಬದ ಪಕ್ಕದಲ್ಲೇ ದೀಪ ಹಚ್ಚಿ, ಕೈಯನ್ನು ಗಾಳಿಗೆ ಅಡ್ಡ ಹಿಡಿದು ಕೂತಳು. ಅವಳ ತಲೆಯ ಮೇಲೆ ಇಡೀ ಮಾಳಿಗೆ ಇತ್ತು. ಓಡಿಹೋಗಬೇಕು ಎನ್ನಿಸಿತು, ದೀಪ ಬಿಟ್ಟು ಏಳುವಂತಿರಲಿಲ್ಲ.

ನಾಲ್ಕು ಕಡೆ ನಾಲ್ವರು ಕೂತರು. ಬಂಡೆಪ್ಪ ಕೈ ಎತ್ತಿದ. ಕೈ ಇಳಿಸಿದಾಗ ನಾಲ್ಕು ಕೊಡತಿಗಳು ಒಟ್ಟಿಗೆ ಬಿದ್ದವು, ಜೋರಾಗಿ ಅಲ್ಲ, ಮಲಗಿದ ಮಗುವಿನ ಬೆನ್ನು ತಟ್ಟುವ ಹಾಗೆ. ಮತ್ತೆ ಕೈ ಎತ್ತಿದ, ಮತ್ತೆ ಇಳಿಸಿದ. ಈಗ ಅವನ ಬಾಯಿಯೂ ಮುಚ್ಚಿತ್ತು. ಜಂತಿಗಳೊಳಗೆಲ್ಲೋ ಒಂದು ನರಳಿಕೆ ಶುರುವಾಗಿ ಪಡಸಾಲೆಯ ತುದಿಯವರೆಗೆ ಹೋಗಿ ನಿಂತಿತು. ಮಣ್ಣು ಉದುರಿತು. ಸೋನಾಬಾಯಿ ಸೆರಗನ್ನು ದೀಪಕ್ಕೆ ಮರೆ ಮಾಡಿ ಮೇಲೆ ನೋಡಿದಳು.

ಕಂಬದ ತಲೆಗೂ ತೊಲೆಗೂ ನಡುವೆ ಒಂದು ಎಳೆ ಬೆಳಕು ಕಾಣಿಸಿತು.

ದಾರದಷ್ಟು ತೆಳು. ಅಜ್ಜಂದಿರ ಕಾಲದಿಂದ ಕತ್ತಲೆ ಕೂತಿದ್ದ ಜಾಗ ಅದು. ಬಾಗಿಲ ಕಡೆಯ ಬಿಸಿಲು ಆ ಸಂದಿಯಲ್ಲಿ ಹಾದು ಆಚೆಯ ಗೋಡೆಯ ಮೇಲೆ ಬಿದ್ದಿತ್ತು. ಮೊಣಕಾಲುದ್ದ ಮಣ್ಣು, ಅದರ ಮೇಲೆ ಒಣಹಾಕಿದ ಮೆಣಸಿನಕಾಯಿ, ಹಲಗೆ, ಜಂತಿ, ತೊಲೆ, ಎಲ್ಲವನ್ನೂ ನಾಲ್ವರು ಮನುಷ್ಯರು ನಾಲ್ಕು ಜೋಡಿ ಕಟ್ಟಿಗೆ ಚೂರುಗಳಿಂದ ಒಂದು ಕೂದಲಷ್ಟು ಆಕಾಶಕ್ಕೆ ಎತ್ತಿದ್ದರು. ಅವಳಿಗೆ ಮೈ ಜುಮ್ಮೆಂದಿತು. ಹೆದರಿಕೆ ಇತ್ತು. ಹೆದರಿಕೆಯ ಮೇಲೆ ಇನ್ನೊಂದೇನೋ ಬಂದು ಕೂತಿತ್ತು. ಆರತಿ ಎತ್ತುವಾಗ ದೇವರ ಮುಖ ಒಮ್ಮೆ ತಟ್ಟನೆ ಹತ್ತಿರ ಬಂದಂತಾಗುತ್ತದಲ್ಲ, ಹಾಗೆ.

ಆಮೇಲೆ ಕಂಬದ ಕೆಳಗಿನ ಅಡಿಗಲ್ಲು ಬಿಡಿಸಿದರು. ಮಾಳಿಗೆಯನ್ನು ಇನ್ನೂ ಮೇಲೆ ಎತ್ತುವಂತಿಲ್ಲ, ಬಿರಿಯುತ್ತದೆ. ಅದಕ್ಕೆ ಕಂಬವನ್ನೇ ಕೆಳಗೆ ಇಳಿಸುವುದು ಬಸಣ್ಣನ ಕಾಲದ ಪದ್ಧತಿ. ಅಡಿಗಲ್ಲು ತೆಗೆದ ಕುಣಿಯಲ್ಲಿ ಕಂಬ ಹಗ್ಗದ ಬಿಗಿಯಲ್ಲಿ ಮೊಳದಷ್ಟು ಇಳಿಯಿತು. ಅದರ ತಲೆ ತೊಲೆಗಳಿಂದ ಬಿಡಿಸಿಕೊಂಡಿತು. ಎಲ್ಲರೂ ಸೇರಿ ಓರೆಮಾಡಿ, ಹೊರಗೆ ತಂದು, ಹಿತ್ತಲಲ್ಲಿ ಮಲಗಿಸಿದರು. ಹೆಣ ಇಳಿಸಿದವರಂತೆ ಒಂದು ಹೆಜ್ಜೆ ಹಿಂದೆ ಸರಿದರು.

ಒಳಗೆ ನಾಲ್ಕು ತೊಲೆಗಳ ತುದಿಗಳು ಒಂದಕ್ಕೊಂದು ತಾಗದೆ ಗಾಳಿಯಲ್ಲಿ ನಿಂತಿದ್ದವು, ಕತ್ತಲೆಯಲ್ಲಿ ಯಾರನ್ನೋ ತಡಕುವ ನಾಲ್ಕು ಕೈಗಳ ಹಾಗೆ. ಅವುಗಳ ನಡುವೆ, ಕೆಳಗೆ, ಸೋನಾಬಾಯಿಯ ದೀಪ.

ಕುರಿಗಾರರು ಬುತ್ತಿ ಬಿಚ್ಚಲು ಬಾವಿಯ ಕಡೆ ಹೋದರು. ಬಂಡೆಪ್ಪ ಮಾತ್ರ ಉಳಿದ. ದೀಪ ಹಿತ್ತಲ ಬಾಗಿಲಿಗೆ ಎದುರಾಗಿಯೇ ಇದ್ದುದರಿಂದ ಅವಳು ಕೂತಲ್ಲಿಂದಲೇ ಅವನ ಕೆಲಸ ಕಾಣುತ್ತಿತ್ತು.

"ಈಗ ಬೋದಿಗಿ ಬಿಡಸ್ತೀನಿ," ಎಂದ. ಕಂಬದ ತಲೆಯ ಮೇಲೆ ಬೇರೆಯಾಗಿ ಕೂಡಿಸುವ ದಪ್ಪ ಹಲಗೆಗೆ ಬೋದಿಗೆ ಅನ್ನುವುದು. ಈ ಕಂಬದ ದಪ್ಪ ತಲೆ ಅದೇ ಎಂದು ಎಲ್ಲರೂ ತಿಳಿದಿದ್ದರು. "ಅದು ಗಟ್ಟಿ ಇದ್ರ ಅದನ್ನೇ ಹೊಸದರ ಮ್ಯಾಗ ಕುಂಡ್ರಸ್ತೀನಿ. ಮುತ್ಯಾನ ಕೈ ಗುರ್ತು ಉಳೀತದ."

ಸಂದು ಹುಡುಕಿದ. ಸಿಗಲಿಲ್ಲ. ಸುತ್ತ ತಿರುಗಿಸಿ ಹುಡುಕಿದ. ಕೊನೆಗೆ ಬಾಚಿಯಿಂದ ಕೆಮ್ಮಣ್ಣು, ಎಣ್ಣೆಯ ಜಿಡ್ಡು ಹೆರೆಯತೊಡಗಿದ. ಕಪ್ಪು ಸಿಪ್ಪೆ ಎದ್ದು ಬಂದು, ಒಳಗಿನ ಬೇವು ಒಣಗಿದ ರಕ್ತದ ಬಣ್ಣದಲ್ಲಿ ಕಾಣಿಸಿತು. ಮರದ ಎಳೆಗಳು ಕಂಬದ ಮೈಯಿಂದ ಹೊರಟು ಎಲ್ಲಿಯೂ ಕಡಿಯದೆ ತಲೆಯೊಳಗೆ ಹರಿದಿದ್ದವು.

"ಒಂದೇ ಕಟ್ಟಿಗಿ," ಎಂದ ಬಂಡೆಪ್ಪ ತನ್ನಷ್ಟಕ್ಕೆ.

ದೀಪದ ಮುಂದೆ ಗಾಳಿಗೆ ಅಡ್ಡವಾಗಿ ಬುಟ್ಟಿ ಇಟ್ಟು ಸೋನಾಬಾಯಿ ಹೊಸ್ತಿಲವರೆಗೆ ಬಂದಳು. ಕಂಬದ ಮೇಲೆ ಒಂದು ಗಂಟು ಇತ್ತು, ಮರವಾಗಿದ್ದಾಗ ಕೊಂಬೆ ಹೊರಟ ಜಾಗ. ಕೊಂಬೆಯ ಮೊಂಡು ತುದಿ ತಲೆಯ ಕಡೆಗಲ್ಲ, ಪಾದದ ಕಡೆಗೆ ವಾಲಿತ್ತು. ಅದರ ಪಕ್ಕದ ಇನ್ನೊಂದೂ ಹಾಗೆಯೇ.

"ಬಂಡೆಪ್ಪಣ್ಣ," ಎಂದಳು, "ಈ ಟೊಂಗಿ ಯಾಕ ಕೆಳಗ ಮಾರಿ ಮಾಡ್ಯದ?"

ಅವನ ಬಾಚಿ ನಿಂತಿತು. ಮಂಡಿಯೂರಿ ಗಂಟಿನ ಮೇಲೆ ಬೆರಳು ಆಡಿಸಿದ. ಇನ್ನೊಂದು ಗಂಟು ಹೆರೆದ. ಮತ್ತೊಂದು. ಆಮೇಲೆ ಹಾಗೆಯೇ ನೆಲದ ಮೇಲೆ ಕೂತುಬಿಟ್ಟ.

"ಬುಡ ಮ್ಯಾಲ ಅದ," ಎಂದ. ದನಿ ಅವನದಲ್ಲದಂತೆ ಇತ್ತು. "ತಲಿ ಅಂತೀವಲ್ಲ, ಅದೇ ಬುಡ. ಮುದುಕ ನಮಗ ಬಡೀತಿದ್ದ ಅಕ್ಕಾರ. ಬುಡ ತುದಿ ನೋಡಲಾರದ ಕಟ್ಟಿಗಿ ನಿಲ್ಸಿದ್ರ ಕೈ ಕಡೀತೀನಿ ಅಂತಿದ್ದ. ನಾ ಊರ ತುಂಬ ಅವನ ಹೆಸರು ಹೇಳ್ಕೋತ..."

"ತಿಳೀಲಾರದ ಮಾಡ್ಯಾನೇನು?"

ಬಂಡೆಪ್ಪ ಕಂಬದ ತಲೆಯ ಕಡೆ ಸರಿದ. ಅಲ್ಲಿ ತೊಲೆಗಳು ಕೂರುವ ನಾಲ್ಕು ಗೂಡುಗಳನ್ನು ಕೊರೆಯಲಾಗಿತ್ತು. ನಾಲ್ಕು ಮೂಲೆಗೆ ನಾಲ್ಕು ಕೊಂಬಿನಂತೆ ಮರ ಉಳಿದಿತ್ತು. ಅವನು ಒಂದು ಕೊಂಬಿನ ದಪ್ಪವನ್ನು ಗೇಣಿನಿಂದ ಅಳೆದ. ಎದ್ದು ಹೋಗಿ ತನ್ನ ಹೊಸ ಕಂಬದ ತುದಿಯ ಮೇಲೆ ಅದೇ ಗೇಣು ಇಟ್ಟು ನೋಡಿದ. ಬಹಳ ಹೊತ್ತು ನೋಡಿದ.

"ತಿಳಿದೇ ಮಾಡ್ಯಾನ," ಎಂದ ಕೊನೆಗೆ. "ತುದ್ಯಾಗ ಇಷ್ಟ ಕಟ್ಟಿಗಿ ಎಲ್ಲಿರ್ತದ್ರಿ? ನಾಕ ಗೂಡು ಕೊರದ್ರ ಕೊಂಬು ಬಳಿ ಮುರದಂಗ ಮುರೀತಿದ್ವು. ಬುಡದಾಗಷ್ಟ ಇಷ್ಟ ದಪ್ಪ ಇರ್ತದ. ಬುಡ ಕೆಳಗ ಇದ್ದಿದ್ರ ಕಂಬ ಇಷ್ಟ ಲಗೂ ಕೊಳೀತಿದ್ದಿಲ್ಲ, ಖರೇ. ಆದ್ರ ಮಾಳಿಗಿ ನಿಲ್ಲತಿದ್ದಿಲ್ಲ. ಮುದುಕ ಎರಡೂ ತೂಗಿ ನೋಡ್ಯಾನ."

ಸೋನಾಬಾಯಿ ಬಾಗಿ ಒಂದು ಗೂಡಿನೊಳಗೆ ಕೈ ಹಾಕಿದಳು. ಯಾರ ಕಣ್ಣಿಗೂ ಎಂದೂ ಬೀಳದ ಜಾಗ ಅದು, ಮೇಲೆ ತೊಲೆ ಕೂತರೆ ಮುಗಿಯಿತು. ಆದರೂ ಒಳಗೆ ಒಂದು ಉಳಿಯ ಗೀರಿರಲಿಲ್ಲ. ಹಿತ್ತಾಳೆಯ ತಟ್ಟೆಯ ಒಳಮೈಯಂತೆ ನುಣುಪಾಗಿತ್ತು. ತಳದಲ್ಲಿ ಬೆರಳಿಗೆ ಒಂದು ಸಣ್ಣ ಗೆರೆ ತಾಗಿತು. ಪಕ್ಕದ ಗೂಡಿನಲ್ಲಿ ಜೋಡಿ ಗೆರೆ. ಅವಳು ಒಳಗೆ ಬಂದು ತಲೆ ಎತ್ತಿ ನೋಡಿದಳು. ಮೂಡಣ ತೊಲೆಯ ತುದಿಯ ಅಡಿಯಲ್ಲಿ ಅದೇ ಒಂದು ಗೆರೆ, ಬಡಗಣದ್ದರಲ್ಲಿ ಅದೇ ಜೋಡಿ ಗೆರೆ. ಯಾವ ತೊಲೆ ಯಾವ ಗೂಡಿಗೆ ಎಂದು ಆ ಮನುಷ್ಯ ತನಗೆ ತಾನೇ ಹೇಳಿಕೊಂಡ ಗುರುತು.

ಅವಳು ಆ ಮುದುಕನನ್ನು ನೋಡಿರಲಿಲ್ಲ. ಈಗ ಕಂಡಂತಾಯಿತು. ಈ ಕಂಬ ನಿಲ್ಲಿಸಿ, ಮೇಲೆ ಕೆಮ್ಮಣ್ಣು ಬಳಿದು, ಈ ಪಡಸಾಲೆಯಲ್ಲೇ ಹೋಳಿಗೆ ಉಂಡಿದ್ದ. ಈ ಮನೆಯ ಅಜ್ಜಿ ಕಂಬಕ್ಕೆ ಮೊದಲ ಅರಿಶಿಣ ಹಚ್ಚುವಾಗ ಪಕ್ಕದಲ್ಲೇ ಪೇಟ ಕಟ್ಟಿಸಿಕೊಂಡು ನಿಂತಿದ್ದ. ಬಾಯಿ ಬಿಟ್ಟಿರಲಿಲ್ಲ. ಸಾಯುವ ತನಕ, ಸ್ವಂತ ಮೊಮ್ಮಗನ ಹತ್ತಿರವೂ.

ಬಂಡೆಪ್ಪ ಒಳಗೆ ಬಂದ. ಬೆವರು ಒರೆಸಿಕೊಂಡ.

"ಏನ್ ಮಾಡೂನ್ರಿ? ಬುಡ ಕೆಳಗ ಮಾಡಿ ನಿಲ್ಲಸಬೇಕಂದ್ರ ಈ ತುದಿ ನಾಕ ತೊಲಿ ಹಿಡಿಯೂದಿಲ್ಲ. ಬೋದಿಗಿ ಕುಂಡ್ರಸಬೇಕಂದ್ರ ತೊಲಿಗೋಳು ಬ್ಯಾರೆ ಥರ ಕೊರೀಬೇಕು. ಮಾಳಿಗಿ ಪೂರಾ ಇಳಸಬೇಕು. ಇಲ್ಲಂದ್ರ ಈ ದಪ್ಪ ಬುಡಾನೇ ಮ್ಯಾಲ ಮಾಡಿ, ಮುತ್ಯಾ ಮಾಡಿದ ಚೂಕ ನಾನೂ ಮಾಡಬೇಕು. ನನಗ ಧೈರ್ಯ ಇಲ್ಲ. ಅತ್ಯಾರು ಬರ್ಲಿ, ಅವರೇ ಹೇಳ್ಲಿ."

"ಅತ್ತಿ ಏನ್ ಹೇಳ್ತಾರ ಗೊತ್ತದಲ್ಲ?"

"ಕೆಡವ್ರಿ ಅಂತಾರ." ಆಮೇಲೆ, ಅವಳ ಮುಖ ನೋಡದೆಯೇ ಹೇಳಿದ, "ನಿಮಗ ಛಲೋನೇ ಆಗ್ತದ ಅಕ್ಕಾರ. ಊರಾಗ ನಾನೂ ಕೇಳೀನಿ, ನಿಮ್ಮ ಮ್ಯಾಗ ಏನೇನ್ ಅಂತಾರ ಅಂತ. ಎತ್ತು ಸತ್ತಿದ್ದು, ನಿಮ್ಮ ಮಾವ ಸಾವ್ಕಾರ್ರು ಹೋದದ್ದು, ಎಲ್ಲಾ ಕಂಬದ ಮ್ಯಾಲ ಹೋಗ್ತದ. ನಾಳಿಂದ ಯಾರೂ ನಿಮ್ಮ ಕಾಲ ನೋಡೂದಿಲ್ಲ."

ಅದು ಸೋನಾಬಾಯಿಗೂ ಆಗಲೇ ಹೊಳೆದಿತ್ತು. ಗಂಟು ಕೆಳಗೆ ವಾಲಿದ್ದನ್ನು ಕಂಡ ಗಳಿಗೆಯಲ್ಲೇ, ಅದಕ್ಕೊಂದು ಅರ್ಥ ಬರುವ ಮೊದಲೇ, ಎದೆಯೊಳಗೆ ಏನೋ ಹಗುರಾಗಿ ಎದ್ದಿತ್ತು. ತನ್ನದಲ್ಲ. ಇಷ್ಟು ವರ್ಷ ತನ್ನದಲ್ಲ. ಅತ್ತೆ ಇನ್ನು ಮುಂದೆ ಮಾತನ್ನು ಅರ್ಧಕ್ಕೆ ಬಿಡಬೇಕಾಗಿಲ್ಲ. ಬಾವಿಯ ಹತ್ತಿರ ಹೆಂಗಸರು ಅವಳು ನೀರು ಸೇದಿ ಹೋಗುವವರೆಗೆ ದೂರ ನಿಂತು ಕಾಯಬೇಕಾಗಿಲ್ಲ. ಕಂಬವನ್ನು ಹಾಗೆಯೇ ಮಲಗಿರಲು ಬಿಟ್ಟರೆ ಸಾಕು, ಅವಳು ಒಂದು ಮಾತನ್ನೂ ಆಡಬೇಕಾಗಿಲ್ಲ.

ಅವಳು ಮೇಲೆ ನೋಡಿದಳು. ನಾಲ್ಕು ತೊಲೆಗಳು ಕಾಯುತ್ತಿದ್ದವು. ಅತ್ತೆ ಹೇಳಿದರೆ ಭೀಮಶಾ ನಾಳೆಯೇ ಬರುತ್ತಾನೆ. ಮಣ್ಣು ಇಳಿಸುತ್ತಾರೆ, ಜಂತಿ ಎಳೆಯುತ್ತಾರೆ. ಗಾಡಿಗಳು ಬಂದು ತೊಲೆಗಳನ್ನು ಸೋಲಾಪುರಕ್ಕೆ ಒಯ್ಯುತ್ತವೆ. ಒಂದು ಗೆರೆ ಒಂದು ಕಡೆ, ಜೋಡಿ ಗೆರೆ ಇನ್ನೊಂದು ಕಡೆ. ಗೋಡೆ ಬಿದ್ದಾಗಲೂ ಬೀಳದ ಮನೆ. ಬೆಳಗಿನ ಆ ಬೆಳಕಿನ ಎಳೆ ಅವಳ ಕಣ್ಣಿನಿಂದ ಹೋಗಲೊಲ್ಲದು.

ಹೊರಗೆ ರೋಹಿಣಿ ಮಳೆಯ ಮೋಡ ಕಟ್ಟಿತ್ತು. ದೂರದಲ್ಲಿ ಗುಡುಗಿತು.

"ಹೆಂಗ ಇತ್ತೋ ಹಂಗೇ ನಿಲ್ಸು," ಎಂದಳು.

"ಬುಡ ಮ್ಯಾಲೇನು?"

"ಹೂಂ."

"ನಾಳಿಗಿ ಏನರೆ ಆದ್ರ?"

"ಆದ್ರ ನನ್ನ ಪಾಯಗುಣ ಅಂತಾರ. ಅದರಾಗ ಹೊಸದೇನದ?"

ಬಂಡೆಪ್ಪ ಅವಳನ್ನು ನೋಡಿದ. ಉಳಿ ಎತ್ತಿಕೊಂಡ. ಸಂಜೆಯ ತನಕ ಹಿತ್ತಲಿನಿಂದ ಕೊಡತಿಯ ಸಪ್ಪಳ ಬಿಟ್ಟರೆ ಮತ್ತೇನೂ ಕೇಳಿಸಲಿಲ್ಲ. ಹೊಸ ಕಂಬದ ದಪ್ಪ ಬುಡದಲ್ಲಿ ನಾಲ್ಕು ಗೂಡು ತೆಗೆದ. ಮತ್ತೆ ಮತ್ತೆ ಹಳೆಯ ಗೂಡಿಗೆ ಕೈ ಹಾಕಿ, ಮತ್ತೆ ಹೊಸದಕ್ಕೆ ಕೈ ಹಾಕಿ, ಇನ್ನೂ ಒಂದಿಷ್ಟು ಉಜ್ಜಿದ. ಹಳೆಯ ಕಂಬದ ತಲೆಯನ್ನು ಕೊಯ್ದು, ಯಾರ ಕಣ್ಣಿಗೂ ಬೀಳದಂತೆ ಗೋಣಿಯಲ್ಲಿ ಸುತ್ತಿಟ್ಟ. ಸೋನಾಬಾಯಿ ಕೆಮ್ಮಣ್ಣಿಗೆ ಎಣ್ಣೆ ಕಲಸಿ ಕೊಟ್ಟಳು. ಹೊಸ ಕಂಬದಲ್ಲೂ ಗಂಟುಗಳಿದ್ದವು. ಅವುಗಳ ಮೇಲೆ ಅವಳೇ ಕೈಯಾರೆ ದಪ್ಪವಾಗಿ ಬಳಿದಳು, ಮರದ ಎಳೆ ಕಾಣದ ಹಾಗೆ.

ಮಬ್ಬುಗತ್ತಲಾಗುವ ಮೊದಲು ಕುರಿಗಾರರು ಬಂದರು. ಅಮೋಗಸಿದ್ಧ ಹೊಸ ಕಂಬದ ಸುತ್ತ ಒಂದು ಸುತ್ತು ಹಾಕಿದ. "ದಪ್ಪ ತಲಿ ಮ್ಯಾಲೇನು?"

ಬಂಡೆಪ್ಪನ ಕೈಯಲ್ಲಿದ್ದ ಹಗ್ಗ ನಿಂತಿತು.

"ಹಳೇದೂ ಹಿಂಗೇ ಇತ್ತಲ್ಲ," ಎಂದ ಅಮೋಗಸಿದ್ಧ ತಾನೇ. "ಛಲೋ ಟಗರು ಅಂದ್ರ ಹಿಂಗೇ. ಮೈ ಸಪೂರ, ತಲಿ ಭಾರ. ಏ ಬಡಿಗ್ಯಾ, ಇವತ್ತ ಯಾಕ ಇಷ್ಟ ಗಪ್ಪ ಇದ್ದೀ? ಬೆಣಿ ಖರೇನೇ ಬಡಕೊಂಡಿ ಏನ್?"

ಎಲ್ಲರೂ ನಕ್ಕರು. ಕಂಬ ಕುಣಿಗೆ ಇಳಿಯಿತು. ನೆಟ್ಟಗಾಯಿತು. ಬಂಡೆಪ್ಪ ತೂಗುಗುಂಡು ಬಿಟ್ಟು ನಾಲ್ಕೂ ಮಗ್ಗುಲು ನೋಡಿದ. ಹಗ್ಗ ಹಿಡಿದವರು ಒಂದೇ ಉಸಿರಿಗೆ ಎತ್ತಿದರು. ನಾಲ್ಕು ಕೊಂಬುಗಳು ನಾಲ್ಕು ತೊಲೆಗಳ ನಡುವೆ ಏರಿ ಬಂದವು. ಅಡಿಗಲ್ಲು ಕೆಳಗೆ ಜಾರಿ ಕೂತಿತು. ಈಗ ಬೆಣೆಗಳನ್ನು ಸಡಿಲಿಸಬೇಕು. ಬಂಡೆಪ್ಪ ಕೈ ಎತ್ತಿದ.

ಕೊಡತಿಗಳು ಬಿದ್ದವು. ಮತ್ತೊಮ್ಮೆ ಬಿದ್ದವು. ಮೇಲೆ, ಮನೆಯ ಒಂದು ತುದಿಯಿಂದ ಇನ್ನೊಂದಕ್ಕೆ, ಒಂದು ಆಳವಾದ ಸದ್ದು ಹಾದುಹೋಯಿತು. ನರಳಿಕೆ ಅಲ್ಲ. ದೊಡ್ಡ ಹೊರೆ ಇಳಿಸಿ ಕೂತವರು ಬಿಡುವ ಉಸಿರಿನಂಥದು. ಬೆಳಕಿನ ಎಳೆ ಮುಚ್ಚಿತು. ಒಂದು ಹಿಡಿ ಮಣ್ಣು ಉದುರಿತು. ಆಮೇಲೆ ಏನೂ ಉದುರಲಿಲ್ಲ. ಆಸರೆಗಂಬವೊಂದು ತಾನಾಗಿಯೇ ಸಡಿಲವಾಗಿ ವಾಲಿದಾಗ ಒಬ್ಬ ಹಿಡಿದುಕೊಂಡ. ಅದರ ಮೇಲೆ ಈಗ ಯಾವ ಭಾರವೂ ಇರಲಿಲ್ಲ. ಗಂಡಸರೆಲ್ಲ ತಲೆ ಎತ್ತಿ ನಿಂತೇ ಇದ್ದರು, ಯಾರೋ ಮೇಲೆ ಬರುವವರಿದ್ದಾರೆ ಎಂಬಂತೆ. ಅಮೋಗಸಿದ್ಧ ತಲೆಯ ರುಮಾಲು ತೆಗೆದು ಕಂಕುಳಲ್ಲಿ ಹಿಡಿದುಕೊಂಡ. ಸೋನಾಬಾಯಿ ದೀಪವನ್ನು ಹೊಸ ಕಂಬದ ಪಾದದ ಹತ್ತಿರ ಸರಿಸಿದಳು. ಆಗ ಮಾಳಿಗೆಯ ಮೇಲೆ ಮಳೆಯ ಮೊದಲ ಹನಿಗಳು ಬಿದ್ದವು.

ಮರುದಿನ ಇಳಿಹೊತ್ತಿಗೆ ಗಾಡಿ ಬಂದಿತು. ಅಕ್ಕನಾಗಮ್ಮ ಕಾಲು ತೊಳೆದುಕೊಂಡು, ತಲೆಯ ಮೇಲೆ ಸೆರಗು ಎಳೆದು, ನೆಟ್ಟಗೆ ಕಂಬದ ಹತ್ತಿರ ಹೋದಳು. ಮೇಲಿನಿಂದ ಕೆಳಗೆ ನೋಡಿದಳು. ರಾತ್ರಿಯೆಲ್ಲ ಹುಯ್ದಿತ್ತು, ಮಾಳಿಗೆ ನೀರು ಕುಡಿದು ಇಮ್ಮಡಿ ಭಾರವಾಗಿತ್ತು. ಕಂಬ ಅಲ್ಲೇ ಹುಟ್ಟಿ ಬೆಳೆದಂತೆ ನಿಂತಿತ್ತು.

"ದೀಪ ಆರಲಿಲ್ಲಲ್ಲ?"

"ಇಲ್ರಿ ಅತ್ತಿ."

"ಬುಡ ತುದಿ ನೋಡಿ ನಿಲ್ಸ್ಯಾನಿಲ್ಲ ಬಂಡೆಪ್ಪ?"

ಸೋನಾಬಾಯಿ ಅರಿಶಿಣದ ಬಟ್ಟಲು ಮುಂದೆ ಹಿಡಿದಳು. ಬಟ್ಟಲು ಅಲುಗಲಿಲ್ಲ. "ಬಸಣ್ಣ ಹೆಂಗ ನಿಲ್ಸಿದ್ನೋ ಹಂಗೇ ನಿಲ್ಸ್ಯಾನ್ರಿ."

"ಹಂಗಾದ್ರ ಆತು." ಮುದುಕಿ ಕಂಬಕ್ಕೆ ಅರಿಶಿಣ ಹಚ್ಚಿ, ಎರಡೂ ಕೈಯಲ್ಲಿ ತಬ್ಬಿ, ಕೆನ್ನೆ ಒತ್ತಿ ನಿಂತಳು. ಕಣ್ಣು ಮುಚ್ಚಿದ್ದಳು. ಬಿಟ್ಟು ಬಂದಾಗ ಮುಖದ ಮೇಲೆ ಕೆಮ್ಮಣ್ಣು ಹತ್ತಿತ್ತು. "ಅಂತೂ ಒಂದ ಕೆಲಸ ಅಡ್ಡಿ ಇಲ್ಲದ ಆತು ನಿನ್ನ ಕೈಲೆ. ಪಾಯಗುಣ ಹೆಂಗರೆ ಇರ್ಲಿ..." ಎಂದು ಅಡಿಕೆ ಹುಡುಕುತ್ತ ಮೆಟ್ಟಿಲು ಹತ್ತಿದಳು.

ಶಾಂತಲಿಂಗಪ್ಪ ಹೊಲದ ಕೊಟ್ಟಿಗೆಯಿಂದ ದನ ಹೊಡೆದುಕೊಂಡು ಬಂದ. ಕಂಬದ ತಲೆ, ತೊಲೆಗಳ ಕೂಡು, ಅಡಿಗಲ್ಲು, ಎಲ್ಲವನ್ನೂ ನೋಡಿದ. ಮಾತಿನ ಮನುಷ್ಯ ಅಲ್ಲ ಅವನು. ಆಮೇಲೆ ಹೆಂಡತಿಯನ್ನು ನೋಡಿದ.

"ಮಾರಿ ಯಾಕ ಹಂಗಾಗ್ಯದ?" ಎಂದ ಮೆಲ್ಲಗೆ. "ಏನರೆ ಆತೇನು? ನನಗರೆ ಹೇಳು."

ಹೇಳಬಹುದಿತ್ತು. ಅವನು ಒಳ್ಳೆಯವನು, ನಂಬುತ್ತಿದ್ದ. ಒಂದು ದಿನ ತಾಯಿ ಸೊಸೆಯ ಕಾಲಿನ ಮಾತೆತ್ತಿದಾಗ ತಡೆಯಲಾರದೆ ಹೆಂಡತಿಯ ಪರವಾಗಿ ಹೇಳಿಯೂಬಿಡುತ್ತಿದ್ದ. ಅಷ್ಟು ಒಳ್ಳೆಯವನು. ಸೋನಾಬಾಯಿ ಅವನ ಕೈಯಿಂದ ಎತ್ತಿನ ಹಗ್ಗ ತೆಗೆದುಕೊಂಡಳು. ಇದು ಇವನಿಗೂ ಬೇಡ, ಯಾರಿಗೂ ಬೇಡ, ತವರಿಗೆ ಹೋದಾಗ ತಾಯಿಗೂ ಬೇಡ ಎಂದು ಅವಳು ನಿಶ್ಚಯಿಸಿದ್ದು ಆಗಲೇ.

"ಏನಿಲ್ರಿ," ಎಂದಳು. "ದೀಪದ ಹೊಗಿ ಕುಡದೀನಿ."

ಬಿಳಿ ಎತ್ತು ಹೊಸ ಕಂಬದ ಹತ್ತಿರ ನಿಂತು, ಕತ್ತು ಚಾಚಿ, ಬೇವಿನ ವಾಸನೆಯನ್ನು ಮೂಗರಳಿಸಿ ಎಳೆದುಕೊಂಡಿತು. ಕಿವಿಗಳು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಹೋದವು. ಆಮೇಲೆ ಅದು ಮುಂಗಾಲು ಮಡಿಚಿ, ಕಂಬಕ್ಕೆ ಬೆನ್ನು ಕೊಟ್ಟು ಮಲಗಿತು.